ಮೃತ್ಯುಪತ್ರವೂ ಜೋಳಿಗೆಯೂ: ಸಂಪಗಾಂವ ಸೀಮೆಯ ದಾಸೋಹದ ಇತಿಹಾಸದೊಳಗಿನ ಒಂದು ಅಧ್ಯಾಯ

ಮಲಪ್ರಭೆಯ ಎಡಬಲದ ಕರಿಮಣ್ಣಿನ ಈ ನಾಡು ಇತಿಹಾಸದಲ್ಲಿ ಖಡ್ಗದ ಮೂಲಕವೇ ಹೆಚ್ಚಾಗಿ ಹೆಸರಾಂತುದಾಗಿದೆ. ಹಿಂದೆ ಸಂಪಗಾಂವ ತಾಲೂಕೆನಿಸಿದ್ದ ಬೈಲಹೊಂಗಲ ಸೀಮೆ, ಅದರೊಳಗಿನ ಕಿತ್ತೂರು, ಪರಸಗಡವೆಂದು ಕಾಗದಪತ್ರಗಳಲ್ಲಿ ಬರೆಯಲ್ಪಡುತ್ತಿದ್ದ ಸವದತ್ತಿ, 1948ರ ವರೆಗೆ ಬೇರೆ ಸಂಸ್ಥಾನವಾಗಿದ್ದ ರಾಮದುರ್ಗ, ಇವುಗಳ ಮಾತು ಬಂದೊಡನೆ 1824ರ ಅಕ್ಟೋಬರ ತಿಂಗಳಲ್ಲಿ ಥ್ಯಾಕರೆಯು ಬಿದ್ದ ಕಿತ್ತೂರಿನ ಕೋಟೆಯೂ, 1829ರಲ್ಲಿ ರಾಣಿ ಚನ್ನಮ್ಮನು ಸೆರೆಯಲ್ಲಿಯೇ ಕಣ್ಮುಚ್ಚಿದ ಬೈಲಹೊಂಗಲವೂ ಜನರ ಸ್ಮರಣೆಗೆ ಬರುತ್ತವೆ. ಅದು ಯುಕ್ತವೇ ಸರಿ. ಆದರೆ ಇದೇ ಸೀಮೆಯ ಒಬ್ಬ ದೇಸಾಯಿಯವರ ಮೃತ್ಯುಪತ್ರವೂ, ಒಂದು ಹಳ್ಳಿಯ ಮಠದ ಜೋಳಿಗೆಯೂ ಕೋವಿಯ ಸದ್ದಿಲ್ಲದೆ ಮಾಡಿದ ಕಾರ್ಯವು ಅಷ್ಟಾಗಿ ಬಾಯಿಂದ ಬಾಯಿಗೆ ಬಂದಿಲ್ಲ. ಮನುಷ್ಯ ಮನುಷ್ಯರೊಳಗಿನ ಮೇಲುಕೀಳುಗಳನ್ನು ಹಣವುಳ್ಳವರ ಔದಾರ್ಯವು ಎಷ್ಟರಮಟ್ಟಿಗೆ ಅಳಿಸಬಲ್ಲದು, ಎಲ್ಲಿ ಅದು ಸೋಲುತ್ತದೆ ಎಂಬ ವಿಚಾರಕ್ಕೆ ಈ ಎರಡೂ ಒಳ್ಳೆಯ ಉದಾಹರಣೆಗಳಾಗಿವೆ.

ಮೊದಲು ಶಬ್ದದ ವಿಚಾರ. ದಾನವೆಂಬುದರಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ ಇರುವುದು. ಹನ್ನೆರಡನೆಯ ಶತಮಾನದ ಶರಣರು ಇದನ್ನು ಚೆನ್ನಾಗಿ ಕಂಡಿದ್ದರು. ಆದುದರಿಂದಲೇ ಅವರು ದಾನವೆಂಬ ಮಾತನ್ನು ಹಿಂದಿಟ್ಟು ದಾಸೋಹವೆಂಬ ಮಾತನ್ನು ಮುಂದೆ ತಂದರು. ಕಾಯಕದಿಂದ ಬಂದುದರಲ್ಲಿ ತನಗೆ ಬೇಕಾದುದಕ್ಕಿಂತ ಮಿಕ್ಕದ್ದು ಸಮಾಜದ್ದು. ಅದನ್ನು ಸಲ್ಲಿಸುವವನು ದಾಸನು, ಸ್ವೀಕರಿಸುವವನು ಋಣಿಯಲ್ಲ. ಕಲ್ಯಾಣದ ಮಹಾಮನೆಯಲ್ಲಿ ಅಂಬಿಗನೂ ಮಾದಾರನೂ ಮಡಿವಾಳನೂ ಒಂದೇ ಪಂಕ್ತಿಯಲ್ಲಿ ಕುಳಿತರೆಂಬ ಪರಂಪರೆಯ ಮಾತಿನ ತಿರುಳು ಇದೇ ಆಗಿದೆ. ಅನ್ನವನ್ನು ಕೊಟ್ಟು ಪಂಕ್ತಿಯನ್ನು ಬೇರೆ ಮಾಡಿದರೆ ಅದು ದಾನವಾದೀತು, ದಾಸೋಹವಾಗಲಾರದು. ಈ ಅಳತೆಗೋಲನ್ನು ಕೈಯಲ್ಲಿಟ್ಟುಕೊಂಡೇ ಮುಂದಿನ ಸಂಗತಿಗಳನ್ನು ನೋಡತಕ್ಕದ್ದು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮುಂಬಯಿ ಇಲಾಖೆಗೆ ಸೇರಿದ್ದ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಎಂಬ ನಾಲ್ಕು ಕನ್ನಡ ಜಿಲ್ಲೆಗಳ ಸ್ಥಿತಿಯು ಶೋಚನೀಯವಾಗಿದ್ದಿತು. ಹೊಲ ಉಳುವವನು ಒಬ್ಬ, ಆ ಹೊಲದ ಲೆಕ್ಕ ಬರೆಯುವವನು ಮತ್ತೊಬ್ಬ. ಕಚೇರಿಯಲ್ಲಿ ನಡೆಯುವ ಮಾತು ರೈತನಿಗೆ ತಿಳಿಯದು. ಅವನ ಸಹಿಯೆಂದರೆ ಹೆಬ್ಬೆರಳಿನ ಗುರುತು. ಲಿಂಗಾಯತರು ಸಂಖ್ಯೆಯಲ್ಲಿ ದೊಡ್ಡ ಸಮಾಜವಾಗಿದ್ದರೂ ಒಕ್ಕಲುತನ ವ್ಯಾಪಾರಗಳಲ್ಲಿಯೇ ನಿಂತುಹೋಗಿ, ಇಂಗ್ಲೀಷು ವಿದ್ಯೆಯಲ್ಲಿ ತೀರ ಹಿಂದುಳಿದಿದ್ದರು. ಅಕ್ಷರವಿಲ್ಲದವನಿಗೆ ಎಷ್ಟು ಹತ್ತಿ ಬೆಳೆದರೇನು, ತೂಕದ ಚೀಟಿಯನ್ನು ಓದಿ ಹೇಳಲು ಪರರನ್ನೇ ಕರೆಯಬೇಕಷ್ಟೆ! 1883ರಲ್ಲಿ ಗಿಲಗಂಚಿ ಗುರುಸಿದ್ಧಪ್ಪನವರೂ ಅರಟಾಳ ರುದ್ರಗೌಡರೂ ಧಾರವಾಡದಲ್ಲಿ ಲಿಂಗಾಯತ ವಿದ್ಯಾನಿಧಿಯನ್ನು ಸ್ಥಾಪಿಸಿದುದು ಈ ಕೊರತೆಯನ್ನು ಕಂಡೇ. ಊರೂರು ವರ್ತಕರಿಂದಲೂ ಗೌಡರಿಂದಲೂ ವರ್ಗಣಿಯನ್ನು ಕೂಡಿಸಿ, ಓದುವ ಹುಡುಗರಿಗೆ ವೇತನ ಕೊಡುವ ಪದ್ಧತಿಯು ಅಲ್ಲಿಂದ ಬಲಗೊಂಡಿತು.

ಇಂತಹ ಕಾಲದಲ್ಲಿ ಸವದತ್ತಿ ತಾಲೂಕಿನ ಶಿರಸಂಗಿಯ ವಾಡೆಯಲ್ಲಿ ಲಿಂಗರಾಜ ದೇಸಾಯರು ಇದ್ದರು. ಅವರು 1861ರಲ್ಲಿ ಜನಿಸಿ, ಬಾಲ್ಯದಲ್ಲಿಯೇ ನವಲಗುಂದ-ಶಿರಸಂಗಿ ಮನೆತನಕ್ಕೆ ದತ್ತಕರಾಗಿ ಬಂದವರು. ದೇಸಗತಿಯ ಒಡೆತನ, ದೊಡ್ಡ ವತನ, ಆಳುಕಾಳು ಯಾವುದಕ್ಕೂ ಕೊರತೆಯಿರಲಿಲ್ಲ. 1904ರಲ್ಲಿ ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರ ಪ್ರೇರಣೆಯಿಂದ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನವು ಕೂಡಿದಾಗ ಅದರ ಅಧ್ಯಕ್ಷ ಪದವಿಯು ಇವರಿಗೇ ಸಂದಿತು. ಎರಡು ವರ್ಷಗಳೊಳಗೆ, 1906ರಲ್ಲಿ, ನಾಲ್ವತ್ತೈದರ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದರು.

ಅಂದಿನ ದೇಸಾಯಿ ಮನೆತನಗಳಲ್ಲಿ ಸಂತಾನವಿಲ್ಲದಿದ್ದರೆ ದತ್ತಕ ತೆಗೆದುಕೊಳ್ಳುವುದು ಹಗಲಿನ ನಂತರ ರಾತ್ರಿಯಷ್ಟು ಸಹಜವಾದ ಕ್ರಮವಾಗಿದ್ದಿತು. ಕಿತ್ತೂರಿನ ಸಂಸ್ಥಾನವು ಹಾಳಾದುದೇ ದತ್ತಕದ ತಂಟೆಯಿಂದ ಎಂಬುದನ್ನು ಈ ಸೀಮೆಯವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಸ್ವತಃ ದತ್ತಕರಾಗಿ ಬಂದಿದ್ದ ಲಿಂಗರಾಜರು ಆ ಹಾದಿಯನ್ನು ಹಿಡಿಯದೆ, ತಮ್ಮ ಮೃತ್ಯುಪತ್ರದಲ್ಲಿ ಸಮಸ್ತ ಆಸ್ತಿಯನ್ನು ಲಿಂಗಾಯತ ಸಮಾಜದ ಬಡ ಮಕ್ಕಳ ವಿದ್ಯೆಗೆಂದು ಬರೆದಿಟ್ಟರು. ಒಬ್ಬ ಮಗನು ಕೂಡ್ರಬೇಕಾಗಿದ್ದ ಗಾದಿಯ ಮೇಲೆ ಹೆಸರು ಗೊತ್ತಿಲ್ಲದ ನೂರಾರು ಒಕ್ಕಲಿಗರ ಮಕ್ಕಳನ್ನು ಕೂಡ್ರಿಸಿದರು. ಜನರು ಅವರನ್ನು ತ್ಯಾಗವೀರನೆಂದು ಕರೆದುದು ಉತ್ಪ್ರೇಕ್ಷೆಯಲ್ಲ. ಗುಡಿ ಕಟ್ಟಿಸಿದವರು ಬಹಳ, ಕೆರೆ ತೋಡಿಸಿದವರೂ ಉಂಟು. ಆದರೆ ತನ್ನ ಕಾಲಾನಂತರ ತನ್ನ ಮನೆಯೇ ಇಲ್ಲವಾಗಲಿ, ಅದು ಪರರ ಮಕ್ಕಳ ಓದಾಗಲಿ ಎಂದವರು ವಿರಳ.

ಈ ದಾನದ ಬೆಲೆಯು ಅದರ ಮೊತ್ತದಲ್ಲಿಲ್ಲ, ರೀತಿಯಲ್ಲಿದೆ. ದೇಸಾಯರು ಬದುಕಿದ್ದು ತಾವೇ ಹುಡುಗರನ್ನು ಆರಿಸಿ ಹಣ ಕೊಟ್ಟಿದ್ದರೆ, ಆ ಹುಡುಗರು ವಾಡೆಯ ಬಾಗಿಲಲ್ಲಿ ಕೈಕಟ್ಟಿ ನಿಲ್ಲಬೇಕಾಗುತ್ತಿತ್ತು. ವಿಶ್ವಸ್ತ ಮಂಡಳವು ಕೊಡುವ ವೇತನವನ್ನು ಪಡೆದವನು ಅರ್ಜಿ ಬರೆದು, ಅರ್ಹತೆ ತೋರಿಸಿ ಪಡೆಯುತ್ತಾನೆ. ಅವನು ಯಾರ ಕಾಲಿಗೂ ಬೀಳಬೇಕಾಗಿಲ್ಲ. ಕೃಪೆಯಾಗಿದ್ದುದು ನಿಯಮವಾದಾಗಲೇ ಔದಾರ್ಯದಿಂದ ಸ್ವಾತಂತ್ರ್ಯವು ಹುಟ್ಟುವುದು.

ಹಣವಿಲ್ಲದವರು ಏನು ಕೊಡಬೇಕು? ಇದಕ್ಕೆ ಉತ್ತರವನ್ನು 1916ರ ನವೆಂಬರ 13ರಂದು ಬೆಳಗಾವಿಯಲ್ಲಿ ಕೆಲವು ತರುಣರು ಕೊಟ್ಟರು. ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ, ಬಿ. ಎಸ್. ಹಂಚಿನಾಳ, ಪಿ. ಆರ್. ಚಿಕ್ಕೋಡಿ ಇವರೇ ಮೊದಲಾದವರು ಕೂಡಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. ಅದರ ಸ್ಥಾಪಕರನ್ನು ಸಪ್ತರ್ಷಿಗಳೆಂದು ಕರೆಯುವ ವಾಡಿಕೆಯಿದೆ. ಪುಣೆಯ ಡೆಕ್ಕನ್ ಎಜ್ಯುಕೇಶನ್ ಸೊಸಾಯಿಟಿಯ ಆಜೀವ ಸದಸ್ಯ ಪದ್ಧತಿಯು ಅವರ ಕಣ್ಣ ಮುಂದಿದ್ದಿತು. ಸರಕಾರದ ದೊಡ್ಡ ಪಗಾರದ ನೌಕರಿಗಳು ಸಿಕ್ಕುವಂತಿದ್ದ ಪದವೀಧರರು ಅಲ್ಪ ವೇತನಕ್ಕೆ ತಮ್ಮ ಆಯುಷ್ಯವನ್ನೇ ಶಾಲೆಗೆ ಬರೆದುಕೊಟ್ಟರು. ಅವರು ತೆರೆದ ಪ್ರಥಮ ಶಾಲೆಗೆ ಗಿಲಗಂಚಿ-ಅರಟಾಳರ ಹೆಸರು, 1933ರಲ್ಲಿ ಆರಂಭವಾದ ಮಹಾವಿದ್ಯಾಲಯಕ್ಕೆ ಶಿರಸಂಗಿ ಲಿಂಗರಾಜರ ಹೆಸರು ಬಂದಿತು. ಹೀಗೆ ಹಣ ಕೊಟ್ಟವರ ಋಣವನ್ನು ಬದುಕು ಕೊಟ್ಟವರು ನೆನೆದರು. ಇದರೊಡನೆಯೇ ಬಸವನಾಳರು ವಚನಗಳ ಸಂಪಾದನೆಯನ್ನೂ, ಸಾಖರೆಯವರು ಲಿಂಗಧಾರಣ ಚಂದ್ರಿಕೆಯ ಪ್ರಕಟನೆಯನ್ನೂ ಕೈಕೊಂಡುದು ಆ ಕಾಲದ ಅಧ್ಯಾಪಕರ ಉತ್ಸಾಹಕ್ಕೆ ಸಾಕ್ಷಿ.

ಇನ್ನು ಜೋಳಿಗೆಯ ಮಾತು. ಬೈಲಹೊಂಗಲ ತಾಲೂಕಿನ ನಾಗನೂರು ರುದ್ರಾಕ್ಷಿಮಠದ ಶ್ರೀ ಶಿವಬಸವ ಸ್ವಾಮಿಗಳು 1889ರಲ್ಲಿ ಜನಿಸಿ 1994ರಲ್ಲಿ ಲಿಂಗೈಕ್ಯರಾದ ದೀರ್ಘಾಯುಷಿಗಳು. 1930ರ ದಶಕದ ಆರಂಭದಲ್ಲಿ ಅವರು ಬೆಳಗಾವಿಯಲ್ಲಿ ಉಚಿತ ಪ್ರಸಾದನಿಲಯವನ್ನು ತೆರೆದರು. ಶಾಲೆಯ ಶುಲ್ಕಕ್ಕೆ ವೇತನ ಸಿಕ್ಕೀತು. ಆದರೆ ಹಳ್ಳಿಯ ಹುಡುಗನು ಪಟ್ಟಣದಲ್ಲಿ ಉಣ್ಣುವುದೆಲ್ಲಿ, ಮಲಗುವುದೆಲ್ಲಿ? ಎಷ್ಟೋ ಜಾಣ ಹುಡುಗರ ಓದು ಪುಸ್ತಕವಿಲ್ಲದೆ ನಿಂತುದಲ್ಲ, ರೊಟ್ಟಿಯಿಲ್ಲದೆ ನಿಂತುದು. ಸ್ವಾಮಿಗಳು ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ತಿರುಗಿ ಕಾಳುಕಡಿ ಕೂಡಿಸಿ ತಂದರು. ಶಿರಸಂಗಿಯ ಮೃತ್ಯುಪತ್ರದಲ್ಲಿ ಒಬ್ಬ ಶ್ರೀಮಂತನ ಸಮಸ್ತವೂ ಇದ್ದರೆ, ನಾಗನೂರ ಜೋಳಿಗೆಯಲ್ಲಿ ಸಾವಿರ ಬಡವರ ಹಿಡಿಕಾಳು ಇದ್ದಿತು. ಜೋಳಿಗೆಗೆ ಹಿಡಿ ಜೋಳ ಹಾಕಿದ ಒಕ್ಕಲಿಗಿತ್ತಿಯು ಪಟ್ಟಣದಲ್ಲಿ ಓದುವ, ತಾನು ಎಂದೂ ಕಾಣದ ಹುಡುಗನಿಗೆ ತಾಯಿಯಾದಳು. ನಿಲಯದ ಬಾಗಿಲು ಲಿಂಗಾಯತರಲ್ಲದ ಮಕ್ಕಳಿಗೂ ತೆರೆದಿದ್ದಿತೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ತುಮಕೂರಿನ ಸಿದ್ಧಗಂಗೆಯಲ್ಲಿಯೂ ಇದೇ ಕ್ರಮವು ಇನ್ನೂ ದೊಡ್ಡ ಪ್ರಮಾಣದಲ್ಲಿ ಬೆಳೆದುಬಂದುದು ನಾಡಿಗೆಲ್ಲ ತಿಳಿದ ಸಂಗತಿ.

ಇಲ್ಲಿಗೆ ಒಂದು ತೊಡಕಿನ ಪ್ರಶ್ನೆ ಬರುತ್ತದೆ. ಭಕ್ತರ ಮುಂದೆ ಅದನ್ನು ಮುಚ್ಚಿಡುವುದು ಯೋಗ್ಯವಲ್ಲ. ಶಿರಸಂಗಿಯ ನಿಧಿಯೂ ಧಾರವಾಡದ ನಿಧಿಯೂ ಒಂದು ಸಮಾಜಕ್ಕಾಗಿ ಇದ್ದವು. ಒಂದು ಸಮಾಜವು ತನ್ನವರನ್ನೇ ಮೇಲೆತ್ತಿಕೊಂಡರೆ ಅದು ಸಮಾನತೆಯಾಗುವುದೆ? ಆಗುವುದು, ಆಗುವುದಿಲ್ಲ, ಎರಡೂ ನಿಜ. ಮೇಲಿನ ಕೆಲವರ ಕೈಯಲ್ಲಿಯೇ ವಿದ್ಯೆಯೂ ಅಧಿಕಾರವೂ ಇದ್ದ ಕಾಲದಲ್ಲಿ ಹಿಂದುಳಿದ ದೊಡ್ಡ ಸಮಾಜವೊಂದು ಎದ್ದು ನಿಂತುದು ಎಲ್ಲರಿಗೂ ಹಾದಿ ಮಾಡಿತು. ಕೊಲ್ಲಾಪುರದ ಶಾಹು ಮಹಾರಾಜರು 1902ರಲ್ಲಿ ತಮ್ಮ ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರಿಗೆ ನೂರಕ್ಕೆ ಐವತ್ತು ಸ್ಥಾನಗಳನ್ನು ಕಾಯ್ದಿರಿಸಿ, ಮರಾಠ, ಜೈನ, ಲಿಂಗಾಯತ, ಮುಸಲ್ಮಾನ, ಅಸ್ಪೃಶ್ಯ ಎಂದು ಒಂದೊಂದು ಸಮಾಜಕ್ಕೆ ಒಂದೊಂದು ವಸತಿಗೃಹಕ್ಕೆ ನೆರವಾದುದೂ ಇದೇ ವಿಚಾರದಿಂದ. ಆದರೆ ನಿಧಿ ಇಲ್ಲದ ಸಮಾಜದ ಗತಿಯೇನು? ಹೊಲವೇ ಇಲ್ಲದವನು ಯಾವ ಮೃತ್ಯುಪತ್ರ ಬರೆದಾನು? ಊರಹೊರಗಿನ ಕೇರಿಯ ಹುಡುಗನಿಗೆ ತನ್ನವನಾದ ದೇಸಾಯಿಯೂ ಇರಲಿಲ್ಲ, ವರ್ತಕನೂ ಇರಲಿಲ್ಲ. ಬಸವಣ್ಣನ ಹೆಸರು ಹೇಳುವ ಸಮಾಜವು ಹರಳಯ್ಯನ ಮಕ್ಕಳ ವಿಷಯದಲ್ಲಿ ತಡಮಾಡಿತೆಂಬುದನ್ನು ಒಪ್ಪಲೇಬೇಕು.

ಆ ಕೆಲಸವನ್ನು ಕನ್ನಡನಾಡಿನಲ್ಲಿ ಬೇರೆ ಕೈಗಳು ಮಾಡಿದವು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತ ವರ್ಗಗಳ ಸೇವೆಗೆ ಸಂಸ್ಥೆಯನ್ನು ಸ್ಥಾಪಿಸಿ, ತಮ್ಮ ಜಾತಿಯವರ ವಿರೋಧವನ್ನು ಸಹಿಸಿಕೊಂಡು ಶಾಲೆ ನಡೆಸಿದರು. ಡಾ. ಅಂಬೇಡಕರರು 1928ರಲ್ಲಿ ದಲಿತ ವರ್ಗಗಳ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಮೇಲೆ ಅದರ ಆಶ್ರಯದಲ್ಲಿ ಧಾರವಾಡದಲ್ಲಿಯೂ ಒಂದು ವಸತಿಗೃಹವು ನಡೆಯಿತು. ಅಂಬೇಡಕರರು ಸ್ವತಃ 1913ರಲ್ಲಿ ಬಡೋದೆಯ ಸಯಾಜಿರಾವ ಗಾಯಕವಾಡರ ವೇತನದಿಂದ ಅಮೇರಿಕೆಗೆ ಹೋದವರು. 1920ರಲ್ಲಿ ಅವರ ಮೂಕನಾಯಕ ಪತ್ರಿಕೆಗೆ ಶಾಹು ಮಹಾರಾಜರ ಸಹಾಯವಿದ್ದಿತು. ಓದಿಗೆ ಕೊಟ್ಟ ಹಣವು ಒಬ್ಬನನ್ನು ಮೇಲೆತ್ತುವುದು. ತನ್ನ ದುಃಖವನ್ನು ತಾನೇ ಹೇಳಿಕೊಳ್ಳುವ ಬಾಯಿಗೆ ಕೊಟ್ಟ ಹಣವು ಕೊಡುವವನನ್ನೂ ಪ್ರಶ್ನಿಸುವ ಶಕ್ತಿಯನ್ನು ಬೆಳೆಸುವುದು. ಎರಡನೆಯದಕ್ಕೆ ಕೈ ಚಾಚುವ ದಾನಿಗಳು ಎಲ್ಲ ಕಾಲದಲ್ಲಿಯೂ ಕಡಿಮೆ.

ಇದು ಈ ದೇಶದ ಮಾತಷ್ಟೇ ಅಲ್ಲ. ಅಮೇರಿಕೆಯ ದಕ್ಷಿಣ ಸಂಸ್ಥಾನಗಳಲ್ಲಿ ಕರಿಯ ಜನರ ಮಕ್ಕಳಿಗೆ ಸರಿಯಾದ ಶಾಲೆಗಳಿಲ್ಲದಿದ್ದಾಗ ಜೂಲಿಯಸ್ ರೋಜೆನ್‌ವಾಲ್ಡ್ ಎಂಬ ವರ್ತಕನು, ಕರಿಯರ ಮುಂದಾಳುವಾದ ಬೂಕರ್ ವಾಷಿಂಗ್ಟನ್ನರ ಸಲಹೆಯಿಂದ, 1912ರಿಂದ 1932ರ ವರೆಗೆ ಸುಮಾರು 5,000 ಶಾಲೆಗಳ ಕಟ್ಟಡಕ್ಕೆ ನೆರವಾದನು. ಅವನು ಪೂರ್ತಿ ಹಣವನ್ನು ಕೊಡಲಿಲ್ಲ. ಊರವರೂ ಸರಕಾರವೂ ತಮ್ಮ ಪಾಲನ್ನು ಹಾಕಬೇಕೆಂದು ಕರಾರು ಮಾಡಿದನು. ಬಡ ಕರಿಯ ರೈತರು ನಾಣ್ಯ, ಮರಮುಟ್ಟು, ಮೈದುಡಿಮೆಗಳ ಮೂಲಕ ಕೂಡಿಸಿದ ಪಾಲು ಅವನ ಪಾಲಿಗಿಂತ ಕಡಿಮೆಯಾಗಲಿಲ್ಲ. ಇದೂ ಒಂದು ಬಗೆಯ ಜೋಳಿಗೆಯೇ. ತನ್ನ ನಿಧಿಯು ಶಾಶ್ವತವಾಗಿ ಉಳಿಯಬಾರದು, ತನ್ನ ಮರಣಾನಂತರ ಇಪ್ಪತ್ತೈದು ವರ್ಷಗಳೊಳಗೆ ಖರ್ಚಾಗಿ ಮುಗಿಯಬೇಕೆಂದು ಅವನು ವಿಧಿಸಿದ್ದನು. ಅದರಂತೆ 1948ರಲ್ಲಿ ಅದು ಮುಚ್ಚಿತು. ಶಿರಸಂಗಿಯವರ ಯೋಚನೆಗೆ ಇದು ನೇರ ವಿರುದ್ಧ. ಯಾವುದು ಮೇಲೆಂದು ತೀರ್ಪು ಕೊಡುವುದು ಕಷ್ಟ. ಬರಗಾಲದ ಈ ಸೀಮೆಯಲ್ಲಿ ಪ್ರತಿ ತಲೆಮಾರಿಗೂ ಬಡ ಹುಡುಗರು ಇದ್ದೇ ಇರುವುದರಿಂದ ಬೀಜವನ್ನು ಉಳಿಸಿ ಫಲವನ್ನು ಹಂಚುವ ಕ್ರಮವೇ ಇಲ್ಲಿಗೆ ಹೊಂದಿತೆನ್ನಬಹುದು. ಅಲ್ಲಿಯ ಶಾಲೆಗಳಲ್ಲಿಯೂ ಒಂದು ಕೊರತೆಯಿದ್ದಿತು. ಅವು ಒಳ್ಳೆಯವಾದರೂ ಬೇರೆಯಾದ ಶಾಲೆಗಳು. ಆ ಬೇರ್ಪಡಿಕೆಯೇ ಅನ್ಯಾಯವೆಂದು ಅಲ್ಲಿಯ ವರಿಷ್ಠ ನ್ಯಾಯಾಲಯವು ತೀರ್ಮಾನಿಸಿದುದು 1954ರಲ್ಲಿ.

ಭಾರತದಲ್ಲಿ ಆ ಗಂಟನ್ನು ಬಿಚ್ಚಿದುದು 1950ರ ಸಂವಿಧಾನ. ಸರಕಾರದ ಅನುದಾನವನ್ನು ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಧರ್ಮ, ಜನಾಂಗ, ಜಾತಿ, ಭಾಷೆಗಳ ಕಾರಣದಿಂದಲೇ ಯಾರನ್ನೂ ಹೊರಗಿಡಕೂಡದೆಂದು ಅದರ 29ನೆಯ ಅನುಚ್ಛೇದವು ವಿಧಿಸುತ್ತದೆ; 17ನೆಯದು ಅಸ್ಪೃಶ್ಯತೆಯನ್ನೇ ರದ್ದುಗೊಳಿಸಿತು. ಒಂದು ಸಮಾಜದ ಹಣದಿಂದ ಕಟ್ಟಿದ ಶಾಲೆಯ ಬಾಗಿಲು ಹೀಗೆ ಸರ್ವರದಾಯಿತು. ಮಹಾಮನೆಯ ಪಂಕ್ತಿಯನ್ನು ನೆನೆಯುವವರಿಗೆ ಇದು ಹೊರಗಿನಿಂದ ಹೇರಿದ ಕಟ್ಟಳೆಯಾಗಿ ಕಾಣಬೇಕಾದುದಿಲ್ಲ.

ಮತದಾನದ ವಿಷಯವೂ ಇದಕ್ಕೆ ಹೊಂದಿದೆ. 1935ರ ಕಾಯಿದೆಯಂತೆ ಮತ ಕೊಡಲು ಆಸ್ತಿ, ಕಂದಾಯ ಅಥವಾ ವಿದ್ಯೆಯ ಅರ್ಹತೆ ಬೇಕಾಗಿದ್ದಿತು. ಪ್ರಾಂತಗಳಲ್ಲಿ ಆ ಹಕ್ಕು ದೊರೆತವರು ಸುಮಾರು 3 ಕೋಟಿ ಜನ. ಅಂತಹ ಕಾಲದಲ್ಲಿ ಹೊಲವಿಲ್ಲದ ಮನೆಯ ಹುಡುಗನೊಬ್ಬನು ಪ್ರಸಾದನಿಲಯದ ಅನ್ನ ಉಂಡು ಮ್ಯಾಟ್ರಿಕ್ ಪರೀಕ್ಷೆಯಲ್ಲಿ ತೇರ್ಗಡೆಯಾದರೆ, ಆ ಅನ್ನವು ಅವನಿಗೆ ನೌಕರಿಯ ದಾರಿಯೊಡನೆ ರಾಜ್ಯದಲ್ಲಿ ಮಾತಿನ ಹಕ್ಕನ್ನೂ ತೋರಿಸುತ್ತಿತ್ತು. 1951-52ರ ಪ್ರಥಮ ಸಾರ್ವತ್ರಿಕ ಚುನಾವಣೆಯಲ್ಲಿ ಈ ಅರ್ಹತೆಗಳೆಲ್ಲವೂ ಬಿದ್ದುಹೋಗಿ ಮತದಾರರ ಸಂಖ್ಯೆ 17 ಕೋಟಿಯನ್ನು ಮೀರಿತು. ಬೈಲಹೊಂಗಲದ ವರ್ತಕನೂ, ಸವದತ್ತಿಯ ಕೂಲಿಯೂ, ದೇಸಗತಿಯ ವಾಡೆಯವರೂ, ಕೇರಿಯವರೂ ಒಂದೇ ಸಾಲಿನಲ್ಲಿ ನಿಂತರು. ಆದರೆ ಅವರಲ್ಲಿ ಬಹುಜನರಿಗೆ ಅಭ್ಯರ್ಥಿಯ ಹೆಸರನ್ನು ಓದಲು ಬರುತ್ತಿರಲಿಲ್ಲ. ಆದುದರಿಂದ ಮತಪೆಟ್ಟಿಗೆಗಳ ಮೇಲೆ ಹೆಸರಿಗೆ ಬದಲು ಚಿತ್ರದ ಗುರುತುಗಳನ್ನು ಅಂಟಿಸಬೇಕಾಯಿತು.