ಕರ್ತೃವೋ, ಕರಣವೋ? ವರಾಛಾದ ವಜ್ರದ ಕಾರ್ಖಾನೆಗಳಲ್ಲಿ ಮನುಷ್ಯ ಮತ್ತು ಸಾಫ್ಟ್‌ವೇರ್

ಸೂರತ್ ನಗರವು ಮೊಗಲರ ಕಾಲದ ದೊಡ್ಡ ಬಂದರೆಂದೂ, 1664ರಲ್ಲಿ ಶಿವಾಜಿಯ ದಾಳಿಗೆ ತುತ್ತಾದ ಸಿರಿವಂತ ಪಟ್ಟಣವೆಂದೂ ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಅದರ ಈಚಿನ ಕೀರ್ತಿಗೆ ಕಾರಣವಾದುದು ಬೇರೆ. ನಗರದ ಪೂರ್ವಕ್ಕಿರುವ ವರಾಛಾ ಎಂಬ ಭಾಗದಲ್ಲಿ, ಸೌರಾಷ್ಟ್ರದ ಭಾವನಗರ, ಅಮ್ರೇಲಿ ಕಡೆಗಳಿಂದ ಮಳೆ ನಂಬಿದ ಒಕ್ಕಲುತನವನ್ನು ಬಿಟ್ಟು ಬಂದ ಕುಟುಂಬಗಳು ನೆಲೆನಿಂತು, ವಜ್ರವನ್ನು ಕೊಯ್ದು ಉಜ್ಜುವ ಕಸುಬನ್ನು ಕೈಗೊಂಡಿವೆ. ಲೋಕದಲ್ಲಿ ಹೊಳಪು ಪಡೆಯುವ ವಜ್ರಗಳನ್ನು ಎಣಿಕೆಯಿಂದ ಲೆಕ್ಕಹಾಕಿದರೆ ಹತ್ತರಲ್ಲಿ ಸುಮಾರು ಒಂಬತ್ತು ಈ ನಗರದ ಕೈಗಳಲ್ಲಿ ಹಾದುಹೋಗುತ್ತವೆಂದು ವ್ಯಾಪಾರ ಮಂಡಳಿಗಳು ಹೇಳುತ್ತ ಬಂದಿವೆ. ಬೆಲೆಯಿಂದ ಎಣಿಸಿದರೆ ಈ ಪಾಲು ಕಿರಿದಾಗುವುದು. ಏಕೆಂದರೆ ಇಲ್ಲಿಗೆ ಬರುವ ಹರಳುಗಳಲ್ಲಿ ಸಣ್ಣವೇ ಹೆಚ್ಚು.

ಈ ಕಸುಬಿನಲ್ಲಿ ಉಜ್ಜುವುದಕ್ಕಿಂತ ಮೊದಲು ಬರುವ ಒಂದು ಗಳಿಗೆಯುಂಟು. ಕಚ್ಚಾ ಹರಳನ್ನು ಎದುರಿಗಿಟ್ಟುಕೊಂಡು, ಇದರೊಳಗಿನಿಂದ ಯಾವ ಆಕಾರದ, ಎಷ್ಟು ತೂಕದ ವಜ್ರವನ್ನು ತೆಗೆಯಬೇಕು, ಎಲ್ಲಿ ಕೊಯ್ಯಬೇಕು, ಯಾವ ಕಲೆಯನ್ನು ಬಿಡಬೇಕು, ಯಾವುದನ್ನು ಒಳಗೇ ಅಡಗಿಸಬೇಕು ಎಂದು ನಿಶ್ಚಯಿಸುವ ಗಳಿಗೆಯದು. ಹರಳಿನ ತೂಕದಲ್ಲಿ ಸಾಮಾನ್ಯವಾಗಿ ಅರ್ಧದಷ್ಟು, ಎಷ್ಟೋ ಸಲ ಅದಕ್ಕೂ ಮಿಗಿಲಾಗಿ, ಪುಡಿಯಾಗಿ ಹೋಗುವುದರಿಂದ ಲಾಭನಷ್ಟಗಳು ಆಗಲೇ ತೀರ್ಮಾನವಾಗಿಬಿಡುತ್ತವೆ. ಕಳೆದ 30 ವರ್ಷಗಳಲ್ಲಿ ಈ ನಿಶ್ಚಯವು ಮನುಷ್ಯನ ಕಣ್ಣಿನಿಂದ ಸಾಫ್ಟ್‌ವೇರಿನ ಕಡೆಗೆ ಮೆಲ್ಲಮೆಲ್ಲನೆ ಸರಿಯಿತು. ಮನುಷ್ಯನೂ ಸಾಫ್ಟ್‌ವೇರೂ ಜೊತೆಗೂಡಿ ಒಂದೇ ಕೆಲಸ ಮಾಡುವಾಗ ಅವರ ನಡುವಣ ಸಂಬಂಧವೇನು ಎಂಬ ಪ್ರಶ್ನೆಯನ್ನು ಇಂದು ಅನೇಕ ವಿಶ್ವವಿದ್ಯಾನಿಲಯಗಳು ಶೋಧಿಸುತ್ತಿವೆ. ಪ್ರಯೋಗಶಾಲೆಯ ಹೊರಗೆ, ಹೊಟ್ಟೆಪಾಡಿನ ಒತ್ತಡದ ನಡುವೆ, ಆ ಪ್ರಶ್ನೆಯು ನಡೆದುಬಂದ ದಾರಿಯನ್ನು ನೋಡಬೇಕಾದರೆ ವರಾಛಾದಂಥ ಸ್ಥಳ ವಿರಳ.

ನಮ್ಮ ವೈಯಾಕರಣರ ವಿಂಗಡಣೆಯೊಂದು ಇಲ್ಲಿ ಉಪಯುಕ್ತವಾಗಿದೆ. ಕ್ರಿಯೆಯಲ್ಲಿ ಸ್ವಾತಂತ್ರ್ಯವುಳ್ಳದ್ದು ಕರ್ತೃ. ಆ ಕ್ರಿಯೆಗೆ ಸಾಧನವಾದುದು ಕರಣ. ಮರ ಕಡಿಯುವವನು ಕರ್ತೃ, ಕೊಡಲಿ ಕರಣ. ವಜ್ರವನ್ನು ಹಿಗ್ಗಿಸಿ ತೋರಿಸುವ ಭೂತಕನ್ನಡಿ ನಿಸ್ಸಂದೇಹವಾಗಿ ಕರಣವೇ. ಆದರೆ ಹರಳನ್ನು ತಾನೇ ಅಳೆದು, ಸಾವಿರಾರು ಮಾರ್ಗಗಳನ್ನು ತಾನೇ ತೂಗಿ, ಇದೇ ಲೇಸೆಂದು ಒಂದನ್ನು ಮುಂದಿಡುವ ಸಾಫ್ಟ್‌ವೇರನ್ನು ಯಾವ ವಿಭಕ್ತಿಯಲ್ಲಿ ನಿಲ್ಲಿಸಬೇಕು?

ರತ್ನವನ್ನು ಕಣ್ಣಿನಿಂದ ಅಳೆಯುವ ವಿದ್ಯೆಯು ಈ ದೇಶಕ್ಕೆ ಹೊಸತಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ, ರಾಜಕೋಶದ ಪ್ರಸಂಗದಲ್ಲಿ ರತ್ನಪರೀಕ್ಷೆಯ ವಿಚಾರ ವಿಸ್ತಾರವಾಗಿಯೇ ಬಂದಿದೆ. ಅಂಥ ರತ್ನಶಾಸ್ತ್ರಗಳ ದೃಷ್ಟಿ ನೆಟ್ಟಿರುವುದು ಹರಳಿನ ಸಹಜವಾದ ರೂಪದ ಮೇಲೆ: ಆರು ಮೂಲೆ, ಎಂಟು ಮುಖ, ಹನ್ನೆರಡು ಅಂಚುಗಳ ಮೇಲೆ. ಕಡೆದು ಹೊಳಪು ತರುವುದು ಗಣಿತದ ಲೆಕ್ಕವಾದದ್ದು ಬಹಳ ಈಚೆಗೆ. 1919ರಲ್ಲಿ ಮಾರ್ಸೆಲ್ ಟೋಲ್ಕೋವ್‌ಸ್ಕಿ ಎಂಬವನು, ವಜ್ರದೊಳಗೆ ಬೆಳಕು ಬಾಗುವ ಕ್ರಮವನ್ನು ಲೆಕ್ಕಹಾಕಿ, ದುಂಡು ವಜ್ರದ ಮೇಲ್ಭಾಗವು 34.5 ಅಂಶ, ಕೆಳಭಾಗವು 40.75 ಅಂಶ ಓರೆಯಾಗಿರಬೇಕೆಂದು ಪ್ರತಿಪಾದಿಸಿದನು. ಒಮ್ಮೆ ಸೌಂದರ್ಯವು ಅಂಕಿಗಳಲ್ಲಿ ಹೇಳಲ್ಪಟ್ಟ ಮೇಲೆ, ಅಂಕಿಗಳನ್ನು ಬಲ್ಲ ಯಂತ್ರವು ಆ ಮೇಜಿನ ಬಳಿಗೆ ಬರುವುದು ಕಾಲದ ಮಾತಷ್ಟೆ.

ಯಂತ್ರವು ಬರುವ ಮೊದಲಿನ ವರಾಛಾದಲ್ಲಿ ಹರಳಿನ ಮೇಲೆ ಮಸಿಯಿಂದ ಗೆರೆ ಎಳೆಯುತ್ತಿದ್ದವನೇ ಕಾರ್ಖಾನೆಯ ಗೌರವದ ವ್ಯಕ್ತಿ. ಉಜ್ಜುವವರು ಘಂಟಿಯೆಂಬ ತಿರುಗುವ ಚಕ್ರದ ಸುತ್ತ ನಾಲ್ಕು ಜನ ಕುಳಿತು, ಒಬ್ಬನು ತಳಿಯಾ ಎಂಬ ತಳಭಾಗವನ್ನು, ಇನ್ನೊಬ್ಬನು ಮಥಾಳಾ ಎಂಬ ತಲೆಭಾಗವನ್ನು ಉಜ್ಜುವ ಪದ್ಧತಿಯಿತ್ತು. ಕೂಲಿಯು ಹರಳಿನ ಲೆಕ್ಕದಲ್ಲಿ. ಗೆರೆ ಎಳೆಯುವವನ ವಿದ್ಯೆಯಾದರೋ ಹತ್ತಾರು ವರ್ಷ ಹಿರಿಯರ ಪಕ್ಕದಲ್ಲಿ ಕುಳಿತು ಬರಬೇಕಾದದ್ದು. 1980ರ ದಶಕದ ನಡುಭಾಗದಿಂದ ಆಸ್ಟ್ರೇಲಿಯದ ಆರ್ಗೈಲ್ ಗಣಿಯ ಸಣ್ಣ, ಕಂದು ಛಾಯೆಯ ಹರಳುಗಳು ರಾಶಿರಾಶಿಯಾಗಿ ಭಾರತಕ್ಕೆ ಹರಿದುಬಂದುವು. ಅವುಗಳನ್ನು ಬೇರೆಡೆ ಕಡೆಯುವುದು ಲಾಭಕರವಾಗಿರಲಿಲ್ಲ. 2020ರಲ್ಲಿ ಆ ಗಣಿಯು ಮುಚ್ಚಿತು.

1990ರ ದಶಕದಲ್ಲಿ ಇಸ್ರೇಲಿನ ಸರೀನ್ ಸಂಸ್ಥೆಯೇ ಮೊದಲಾದವು ಹರಳನ್ನು ತಿರುಗಿಸಿ, ಅದರ ನೆರಳನ್ನು ಕ್ಯಾಮೆರದಿಂದ ಹಿಡಿದು, ಗಣಕದಲ್ಲಿ ಘನಾಕೃತಿಯನ್ನು ಕಟ್ಟುವ ಯಂತ್ರಗಳನ್ನು ಪ್ರಚಾರಕ್ಕೆ ತಂದುವು. ಆಗಲೂ ಒಳಗಿನ ಕಲೆಯು ಎಲ್ಲಿದೆಯೆಂಬುದನ್ನು ಮನುಷ್ಯನೇ ಹೇಳಬೇಕಾಗಿತ್ತು. ವಜ್ರವು ಬೆಳಕನ್ನು ಬಹಳವಾಗಿ ಬಾಗಿಸುವುದರಿಂದ (ಅದರ ವಕ್ರೀಭವನಾಂಕ 2.42) ಹೊರಗಿನಿಂದ ಕಾಣುವ ಕಲೆಯು ನಿಜವಾಗಿ ಇರುವೆಡೆಯಲ್ಲಿ ಕಾಣುವುದಿಲ್ಲ. ಸುಮಾರು 2009ರ ಹೊತ್ತಿಗೆ, ವಜ್ರದಂತೆಯೇ ಬೆಳಕನ್ನು ಬಾಗಿಸುವ ಮಾಧ್ಯಮದಲ್ಲಿ ಹರಳನ್ನು ಮುಳುಗಿಸಿ ಒಳಗಲೆಗಳ ನಕ್ಷೆಯನ್ನು ತೆಗೆಯುವ ಗ್ಯಾಲಕ್ಸಿ ಎಂಬ ಯಂತ್ರವು ಬಂದಮೇಲೆ ಈ ಕೊನೆಯ ಕೋಟೆಯೂ ಬಿದ್ದಿತು. ಅಂದಿನಿಂದ ಸಾಫ್ಟ್‌ವೇರು ಆಕಾರವನ್ನೂ, ಕಲೆಯನ್ನೂ, 1978ರಿಂದ ಪ್ರಕಟವಾಗುತ್ತ ಬಂದಿರುವ ರಾಪಪೋರ್ಟ್ ದರಪಟ್ಟಿಯನ್ನೂ ಕೂಡಿಸಿ, ಯಾವ ಕೊಯ್ತಕ್ಕೆ ಎಷ್ಟು ಹಣವೆಂದು ಸಾಲಾಗಿ ತೋರಿಸುತ್ತದೆ. 0.99 ಕ್ಯಾರೆಟ್ಟಿಗೂ 1.00 ಕ್ಯಾರೆಟ್ಟಿಗೂ ತೂಕದ ಅಂತರ 2 ಮಿಲಿಗ್ರಾಂ ಮಾತ್ರ. ಬೆಲೆಯ ಅಂತರ ಬಲು ದೊಡ್ಡದು. ಇಂಥ ಮೆಟ್ಟಿಲುಗಳನ್ನು ಯಂತ್ರವು ಎಂದೂ ಮರೆಯದು.

ಹಾಗಾದರೆ ಮನುಷ್ಯನಿಗೆ ಉಳಿದುದೇನು? ಅಲ್ಪವೆಂದು ತೋರಿದರೂ ಅಲ್ಪವಲ್ಲ. ಹರಳಿನೊಳಗಿನ ಬಿಗುವು ಆಕಾರದ ಲೆಕ್ಕಕ್ಕೆ ಸಿಕ್ಕುವ ವಸ್ತುವಲ್ಲ. ಅದನ್ನು ಧ್ರುವೀಕೃತ ಬೆಳಕಿನಲ್ಲಿ ನೋಡಿ ತಿಳಿಯಬೇಕು. ಅಂಥ ಹರಳು ಲೇಸರಿನ ಶಾಖಕ್ಕೆ ಬಿರಿಯಬಹುದು. ದರಪಟ್ಟಿಯ ಬೆಲೆ ಬೇರೆ, ಮಿನಿ ಬಜಾರಿನಲ್ಲಿ ಕಾಗದದ ಪೊಟ್ಟಣ ಬಿಚ್ಚಿದಾಗ ಸಿಕ್ಕುವ ಬೆಲೆ ಬೇರೆ. ಇವೆರಡನ್ನೂ ಬಲ್ಲವನು ಯಂತ್ರದ ಮೊದಲನೆಯ ಸಲಹೆಯನ್ನು ಬಿಟ್ಟು ಮೂರನೆಯದನ್ನು ಆರಿಸಬಹುದು. ಆರಿಸುವ ಈ ಅಧಿಕಾರಕ್ಕೆ ಇರುವ ಮಹತ್ತ್ವವನ್ನು ಶೋಧಕರು ಬೇರೊಂದು ದಾರಿಯಿಂದ ಕಂಡಿದ್ದಾರೆ. 2015ರಲ್ಲಿ ಡೀಟ್‌ವೋರ್ಸ್ಟ್, ಸಿಮನ್ಸ್, ಮ್ಯಾಸಿ ಎಂಬ ಮೂವರು, ಗಣಕಸೂತ್ರವು ತಪ್ಪಿದುದನ್ನು ಒಮ್ಮೆ ಕಂಡವರು ಅದು ತಮಗಿಂತ ಮೇಲೆಂದು ಗೊತ್ತಿದ್ದರೂ ಅದನ್ನು ದೂರವಿಡುತ್ತಾರೆಂದು ತೋರಿಸಿದರು. 2018ರಲ್ಲಿ, ಅದರ ಉತ್ತರವನ್ನು ಕಿಂಚಿತ್ತು ತಿದ್ದುವ ಅವಕಾಶವಿತ್ತರೆ ಅದನ್ನೇ ಒಪ್ಪುತ್ತಾರೆಂದು ಕಂಡರು. ಇದಕ್ಕಿಂತ ಕಹಿಯಾದ ಮಾತನ್ನು 1983ರಲ್ಲಿಯೇ ಲಿಸಾನ್ ಬೇನ್‌ಬ್ರಿಜ್ ಎಂಬಾಕೆ ಆಡಿದ್ದಳು: ಸುಲಭವಾದುದನ್ನು ಯಂತ್ರಕ್ಕೆ ವಹಿಸಿ ಕಠಿನವಾದುದನ್ನು ಮನುಷ್ಯನಿಗೆ ಉಳಿಸಿದರೆ, ಅಭ್ಯಾಸ ತಪ್ಪಿದ ಅವನು ಕಠಿನವಾದುದನ್ನೂ ಮಾಡಲಾರನು. ವರಾಛಾದ ತರುಣರು ಪರದೆಯನ್ನು ಓದುವುದನ್ನು ಕೆಲವೇ ತಿಂಗಳಲ್ಲಿ ಕಲಿಯಬಹುದು. ಹರಳನ್ನು ಓದುವ ಹಿರಿಯನು ನಿವೃತ್ತನಾದ ಬಳಿಕ ಬಿಗುವುಳ್ಳ ಹರಳನ್ನು ಯಾರ ಎದುರಿಗಿಡಬೇಕು ಎಂಬುದೇ ಅಲ್ಲಿಯ ನಿಜವಾದ ಚಿಂತೆ.

ಇಂಥ ಚಿಂತೆಯು ಗುಜರಾತಿಗೆ ಹೊಸದಾಗಿ ಬಂದುದಲ್ಲ. ಸೂರತ್ತಿನಿಂದ ಉತ್ತರಕ್ಕೆ, ಅಹಮದಾಬಾದಿನ ಕ್ಯಾಲಿಕೊ ಗಿರಣಿಯಲ್ಲಿ, 1952ರಲ್ಲಿ ಸ್ವಯಂಚಾಲಿತ ಮಗ್ಗಗಳನ್ನು ಹೂಡಿದಾಗ ನಿರೀಕ್ಷಿಸಿದ ಫಲ ದೊರೆಯಲಿಲ್ಲ. ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ 1953ರಲ್ಲಿ ಬಂದು ನೋಡಲಾಗಿ, 224 ಮಗ್ಗಗಳ ಕೊಟ್ಟಿಗೆಯಲ್ಲಿ ಕೆಲಸವು 12 ತುಂಡುಗಳಾಗಿ ಹರಿದಿತ್ತು. ಯಾವ ಮಗ್ಗಕ್ಕೆ ಯಾರು ಹೊಣೆಯೆಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ಕೆಲವು ಮಗ್ಗಗಳಿಗೆ ಒಂದು ಚಿಕ್ಕ ಗುಂಪೆಂಬ ಸಲಹೆ ಬಂದೊಡನೆ ನೇಕಾರರು ತಾವೇ ಗುಂಪುಗೂಡಿದರು. ಯಂತ್ರವು ಅದೇ, ಜನರೂ ಅವರೇ. ಉತ್ಪನ್ನ ಏರಿತು, ಹಾಳಾಗುವ ಬಟ್ಟೆ ಇಳಿಯಿತು. 1970ರ ಸುಮಾರಿಗೆ ಎರಿಕ್ ಮಿಲ್ಲರ್ ಮರಳಿ ಪರೀಕ್ಷಿಸಿದಾಗ ಒಂದು ಕೊಟ್ಟಿಗೆಯಲ್ಲಿ ಮಾತ್ರ ಆ ಏರ್ಪಾಟು ಬಹುಮಟ್ಟಿಗೆ ಉಳಿದಿತ್ತು. ಉಳಿದೆಡೆ ಹಳೆಯ ರೀತಿಯೇ ಮರುಕಳಿಸಿತ್ತು.

ಈ ನಿದರ್ಶನದ ಬೆಳಕಿನಲ್ಲಿ ನೋಡಿದರೆ, ವರಾಛಾದಲ್ಲಿ ಸಾಫ್ಟ್‌ವೇರು ಎಷ್ಟು ಸರಿಯಾಗಿ ಎಣಿಸುತ್ತದೆಂಬುದಕ್ಕಿಂತ ಕೆಲಸವು ಹೇಗೆ ಹಂಚಿಹೋಗಿದೆ ಎಂಬುದೇ ಹೆಚ್ಚು ವಿಚಾರಾರ್ಹವೆನಿಸುತ್ತದೆ. ನಿಶ್ಚಯಿಸುವವನು ಪರದೆಯ ಮುಂದೆ. ಉಜ್ಜುವವನು ಘಂಟಿಯ ಮುಂದೆ. ಯಂತ್ರವು ಕಾಣದ ಗಂಟು ಚಕ್ರದ ಮೇಲೆ ಬೆರಳಿಗೆ ಮೊದಲು ತಿಳಿಯುವುದು ಉಜ್ಜುವವನಿಗೆ. ಹರಳಿನ ಲೆಕ್ಕದ ಕೂಲಿಯವನು ಕೈತಡೆದು ಹೇಳಹೋದರೆ ನಷ್ಟವೂ ಅವನಿಗೇ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಸಾಫ್ಟ್‌ವೇರು ಕರ್ತೃವಿನ ಸ್ವಾತಂತ್ರ್ಯದಲ್ಲಿ ಪಾಲು ಪಡೆದಿದೆ, ಹೊಣೆಯಲ್ಲಿ ಪಡೆದಿಲ್ಲ. ಉಜ್ಜುವವನು ಹೊಣೆಯನ್ನು ಹೊತ್ತೂ ಕರಣದ ಸ್ಥಾನಕ್ಕೆ ಇಳಿದಿದ್ದಾನೆ.

ಈಚಿನ ವರ್ಷಗಳಲ್ಲಿ ಇನ್ನೊಂದು ತಿರುವು ಬಂದಿದೆ. ಬೇಡಿಕೆ ಕುಗ್ಗಿದ್ದರಿಂದ 2023ರ ಅಕ್ಟೋಬರ್ 15ರಿಂದ ಡಿಸೆಂಬರ್ 15ರ ವರೆಗೆ ವಜ್ರೋದ್ಯಮದವರು ತಾವಾಗಿಯೇ ಕಚ್ಚಾ ಹರಳಿನ ಆಮದನ್ನು ನಿಲ್ಲಿಸಿದರು. ಅದೇ ಡಿಸೆಂಬರ್ 17ರಂದು ಊರಿನ ಇನ್ನೊಂದು ಕಡೆ, ಖಜೋದಿನಲ್ಲಿ, ಸೂರತ್ ಡೈಮಂಡ್ ಬೋರ್ಸ್ ಎಂಬ ಮಹಾಸೌಧವು ಉದ್ಘಾಟನೆಗೊಂಡಿತು. ಇದೇ ಅವಧಿಯಲ್ಲಿ ಪ್ರಯೋಗಶಾಲೆಯಲ್ಲಿ ಬೆಳೆಸಿದ ವಜ್ರಗಳು ಸೂರತ್ತಿನ ಘಂಟಿಗಳನ್ನು ಹೆಚ್ಚು ಹೆಚ್ಚಾಗಿ ಸೇರುತ್ತಿವೆ. ಅನಿಲದಿಂದ ಪದರಪದರವಾಗಿ ಬೆಳೆದ ಆ ಹರಳುಗಳು ಚಪ್ಪಟೆಯಾದ ಹಲಗೆಗಳಂತೆ ಬಹುಮಟ್ಟಿಗೆ ಏಕರೂಪವಾಗಿ ಬರುತ್ತವೆ. ಅಲ್ಲಿ ನಿಶ್ಚಯಿಸಬೇಕಾದುದು ಕಡಮೆ. ಒಂದು ಹಲಗೆಗೆ ಮಾಡಿದ ಲೆಕ್ಕವು ಮುಂದಿನದಕ್ಕೂ ಬಹುಪಾಲು ಸಲ್ಲುತ್ತದೆ. ಭೂಮಿಯಿಂದ ಬಂದ ಹರಳು ಮಾತ್ರ, ಒಂದರಂತೆ ಇನ್ನೊಂದಿಲ್ಲದ ಕಾರಣ, ಈಗಲೂ ಪ್ರತಿಸಲವೂ ಹೊಸದಾಗಿ ಮೇಜಿನ ಮೇಲೆ ಬಂದು ಕೂರುತ್ತದೆ.