ಸಿಗ್ನಲ್ ಇಲ್ಲದ ಊರಿಗೆ ಪಾಠ ಹೋದ ದಾರಿ

‘ಮನೆಯಿಂದಲೇ ಕಲಿಕೆ’ ಅಂದ ಕೂಡ್ಲೇ ನಮಗೆಲ್ಲ 2020 ನೆನಪಾಗುತ್ತೆ. ಒಂದು ರೂಮಲ್ಲಿ ನಮ್ಮ ಆಫೀಸು, ಪಕ್ಕದ ರೂಮಲ್ಲಿ ಮಕ್ಕಳ ಶಾಲೆ, ಎರಡಕ್ಕೂ ಒಂದೇ ವೈಫೈ. ಆದರೆ ಮನೆಗೆ ಪಾಠ ಕಳಿಸುವ ಕೆಲಸ ಕರ್ನಾಟಕಕ್ಕೆ ಹೊಸದೇನಲ್ಲ, ಅದಕ್ಕೆ ಅರ್ಧ ಶತಮಾನದ ಚರಿತ್ರೆ ಇದೆ. ಆ ಚರಿತ್ರೆ ಬೆಂಗಳೂರಿನಿಂದ ನೋಡಿದರೆ ಒಂದು ಥರ ಕಾಣುತ್ತೆ, ಕುಂಬಾರವಾಡದಿಂದ ನೋಡಿದರೆ ಇನ್ನೊಂದು ಥರ.

ಕುಂಬಾರವಾಡ ಇರುವುದು ಉತ್ತರ ಕನ್ನಡದ ಜೋಯಿಡಾ ತಾಲೂಕಿನಲ್ಲಿ, ಅಣಶಿ ಘಟ್ಟ ಇಳಿದು ಕಾರವಾರಕ್ಕೆ ಹೋಗುವ ದಾರಿಯಲ್ಲಿ. ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು. ಮಳೆ ಅಂದ್ರೆ ಘಟ್ಟದ ಮಳೆ. ಇಲ್ಲಿನ ಕುಣಬಿಗಳ ಮನೆಮಾತು ಕೊಂಕಣಿ, ಶಾಲೆಯ ಮಾತು ಕನ್ನಡ. ತಾಲೂಕಿನ ಹಳೆಯ ಹೆಸರು ಸೂಪಾ. ಕಾಳಿ ನದಿಗೆ ಕಟ್ಟಿದ 101 ಮೀಟರ್ ಎತ್ತರದ ಅಣೆಕಟ್ಟಿನ ಹಿನ್ನೀರಿನಲ್ಲಿ ಸೂಪಾ ಪಟ್ಟಣವೇ ಮುಳುಗಿತು, ತಾಲೂಕು ಕಚೇರಿ ಜೋಯಿಡಾಕ್ಕೆ ಬಂತು. ಸೂಪಾದಲ್ಲಿ 100 ಮೆಗಾವ್ಯಾಟ್ ವಿದ್ಯುತ್ ಕೊಟ್ಟ ನೀರೇ ಮುಂದೆ ನಾಗಝರಿ, ಕೊಡಸಳ್ಳಿ, ಕದ್ರಾಗಳಲ್ಲೂ ಟರ್ಬೈನ್ ತಿರುಗಿಸುತ್ತೆ. ಆದರೆ ನಾಡಿಗೆ ಕರೆಂಟು ಕಳಿಸುವ ಈ ತಾಲೂಕಿನಲ್ಲೇ ಕಾಡೊಳಗಿನ ಎಷ್ಟೋ ಮನೆಗಳು ಕರೆಂಟಿಗಾಗಿ ವರ್ಷಗಟ್ಟಲೆ ಕಾದವು. ಮನೆಗೆ ಪಾಠ ಕಳಿಸೋ ಯಾವ ಯೋಜನೆಯನ್ನೂ ಈ ಒಂದು ಸಂಗತಿಯ ಎದುರು ಇಟ್ಟು ನೋಡಬೇಕು ಅಂತ ನನಗನ್ನಿಸುತ್ತೆ.

ಮೊದಲು ಪಾಠ ಹೊತ್ತುಕೊಂಡು ಹೋದದ್ದು ಅಂಚೆ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಶಿಕ್ಷಣ ಶುರು ಮಾಡಿತು. ಅದೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಆಯಿತು. ಕೆಲಸ ಮಾಡ್ತಾ, ಮನೆ ನಡೆಸ್ತಾ ಡಿಗ್ರಿ ಮುಗಿಸಿದವರು ನಿಮ್ಮ ಮನೆಯಲ್ಲೂ ಒಬ್ಬರು ಇದ್ದಾರು. ಅಂಚೆ ನಿಧಾನ ನಿಜ, ಆದರೆ ಅದಕ್ಕೆ ಟವರ್ ಬೇಡ, ಪ್ಲಗ್ ಪಾಯಿಂಟ್ ಬೇಡ. ಕೊನೆಯ ಮೈಲಿಯನ್ನು ಪೋಸ್ಟ್‌ಮ್ಯಾನ್ ನಡೆದೇ ಮುಗಿಸ್ತಿದ್ದ.

ಆಮೇಲೆ ರೇಡಿಯೊ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ಎರಡು ಸೆಲ್ ಹಾಕಿದ ಟ್ರಾನ್ಸಿಸ್ಟರ್‌ಗೆ ಕರೆಂಟಿನ ಹಂಗಿಲ್ಲ, ಮೀಡಿಯಂ ವೇವ್‌ಗೆ ಗುಡ್ಡ ಅಡ್ಡ ಬಂದರೂ ಅಷ್ಟು ತೊಂದರೆ ಇಲ್ಲ. ‘ಕೇಳಿ-ಕಲಿ’ಯಂಥ ಬಾನುಲಿ ಪಾಠಗಳು ಆಕಾಶವಾಣಿಯಿಂದ ರಾಜ್ಯದ ಪ್ರಾಥಮಿಕ ಶಾಲೆಗಳನ್ನು ಮುಟ್ಟಿದವು. ಆದರೆ ರೇಡಿಯೊ ಮಾತಾಡುತ್ತೆ, ಕೇಳಿಸಿಕೊಳ್ಳಲ್ಲ. ಮಗುವಿಗೆ ಅರ್ಥ ಆಯ್ತಾ ಅಂತ ನೋಡೋಕೆ ಪಕ್ಕದಲ್ಲಿ ಒಬ್ಬ ಮೇಷ್ಟ್ರು ಬೇಕೇ ಬೇಕಿತ್ತು.

ಮೂರನೆಯದು ಉಪಗ್ರಹ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹ ಬಳಸಿ ಇಸ್ರೊ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಕಳಿಸಿತು. ‘ಸೈಟ್’ ಅಂತ ಅದರ ಹೆಸರು. ಬೆಳಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರವರಿಗೆ. ತಂತಿ ಬಲೆಯಿಂದ ಮಾಡಿದ ಹತ್ತಡಿ ಅಗಲದ ಆಂಟೆನಾ ಸಾಕಾಗ್ತಿತ್ತು. ಕರ್ನಾಟಕದಲ್ಲಿ ಅದು ಬಂದದ್ದು ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳಿಗೆ. ಮುಂದೆ 2004ರ ಸೆಪ್ಟೆಂಬರ್‌ನಲ್ಲಿ ಶಿಕ್ಷಣಕ್ಕಂತಲೇ ಎಜುಸ್ಯಾಟ್ ಹಾರಿತು. ಅದರ ಪ್ರಾಥಮಿಕ ಶಾಲೆಗಳ ಮೊದಲ ಪ್ರಯೋಗ ನಡೆದದ್ದು ನಮ್ಮ ಚಾಮರಾಜನಗರದಲ್ಲೇ. ಆಕಾಶದಿಂದ ಬರುವ ಸಿಗ್ನಲ್‌ಗೆ ಕಾಡು-ಗುಡ್ಡದ ಲೆಕ್ಕ ಕಮ್ಮಿ. ಆದರೂ ಪಾಠ ಇಳಿದದ್ದು ಶಾಲೆಯ ಗೋಡೆಯೊಳಗೆ, ಮನೆಗಲ್ಲ.

ಮನೆಗೆ ಹೋದ ಒಂದು ಸಣ್ಣ ಪ್ರಯೋಗ ಇದೆ, ಚರಿತ್ರೆಯಲ್ಲಿ ಅದನ್ನು ಯಾರೂ ‘ಎಜುಟೆಕ್’ ಅಂತ ಬರೆಯಲ್ಲ. ಹರೀಶ್ ಹಂದೆ 1995ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸೆಲ್ಕೊ ಸಂಸ್ಥೆ, ಶಾಲೆಯ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿ ಮಕ್ಕಳ ಕೈಗೆ ಪುಟ್ಟ ಬ್ಯಾಟರಿ ಕೊಟ್ಟಿತು. ಹಗಲು ಶಾಲೆಯಲ್ಲಿ ಚಾರ್ಜ್, ರಾತ್ರಿ ಮನೆಯಲ್ಲಿ ಓದೋಕೆ ದೀಪ. ಬ್ಯಾಟರಿ ಚಾರ್ಜ್ ಆಗಬೇಕಾದ್ರೆ ಮಗು ಶಾಲೆಗೆ ಬರಲೇಬೇಕು. ಇಲ್ಲಿ ಯೋಚನೆ ಶುರುವಾದದ್ದು ಮಗುವಿನ ಮನೆಯಿಂದ. ಅಲ್ಲಿ ಏನಿಲ್ಲ? ಬೆಳಕಿಲ್ಲ. ಹಾಗಾದ್ರೆ ಮೊದಲು ಬೆಳಕು.

ಇಷ್ಟೆಲ್ಲ ಕಲಿತ ನಾಡಿಗೆ 2020ರ ಮಾರ್ಚ್‌ನಲ್ಲಿ ದೊಡ್ಡ ಪರೀಕ್ಷೆ ಬಂತು. ಶಾಲೆಗಳು ಮುಚ್ಚಿದವು. ಜೂನ್‌ನಲ್ಲಿ ಸರ್ಕಾರ ಚಿಕ್ಕ ಮಕ್ಕಳ ಆನ್‌ಲೈನ್ ತರಗತಿ ಬೇಡ ಅಂದಿತು, ಜುಲೈ 8ರಂದು ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ನಗರದ ಚರ್ಚೆ ಎಲ್ಲಾ ಮಕ್ಕಳ ಕಣ್ಣು, ಸ್ಕ್ರೀನ್ ಟೈಮ್, ಶಾಲೆ ಫೀಸು. ಮಲೆನಾಡಿನ ಚರ್ಚೆಯೇ ಬೇರೆ. ಅಲ್ಲಿ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತುತ್ತಿದ್ದರು. 2021ರ ಮಳೆಗಾಲದಲ್ಲಿ ಸುಳ್ಯ ಕಡೆಯ ಒಂದು ಫೋಟೊ ನಿಮಗೂ ಬಂದಿರಬಹುದು: ರಸ್ತೆ ಬದಿ ಕೂತು ಮೊಬೈಲ್‌ನಲ್ಲಿ ಪಾಠ ಕೇಳುವ ಮಗಳು, ಕೊಡೆ ಹಿಡಿದು ನಿಂತ ಅಪ್ಪ. ಎಷ್ಟು ಚೆಂದದ ಫೋಟೊ ಅಂತ ನಾವು ಫಾರ್ವರ್ಡ್ ಮಾಡಿದೆವು. ಚೆಂದ ಏನಿತ್ತು ಅದರಲ್ಲಿ? ಅಪ್ಪನ ಹೊತ್ತು ಹೋಗ್ತಿತ್ತು.

ಅಸರ್ ಸಮೀಕ್ಷೆ ಪ್ರಕಾರ, ಶಾಲೆಗೆ ಹೋಗುವ ಗ್ರಾಮೀಣ ಮಕ್ಕಳಲ್ಲಿ ಸ್ಮಾರ್ಟ್‌ಫೋನ್ ಇದ್ದ ಮನೆಯವರು 2018ರಲ್ಲಿ ಶೇ. 36.5, 2020ರಲ್ಲಿ ಶೇ. 61.8. ಏರಿಕೆ ದೊಡ್ಡದೇ. ಆದರೆ ಫೋನ್ ಇರೋದು ಬೇರೆ, ನೆಟ್‌ವರ್ಕ್ ಇರೋದು ಬೇರೆ. ಇದ್ದ ಒಂದು ಫೋನು ಕೆಲಸಕ್ಕೆ ಹೋದ ಅಪ್ಪನ ಜೇಬಿನಲ್ಲಿದ್ದರೆ ಮಗುವಿಗೆ ಅದು ಇಲ್ಲದ ಹಾಗೇ.

ಸರ್ಕಾರ ಹಳೆಯ ದಾರಿಗಳಿಗೇ ಮರಳಿತು. ಜುಲೈ 20ರಿಂದ ಚಂದನ ವಾಹಿನಿಯಲ್ಲಿ 8ರಿಂದ 10ನೇ ತರಗತಿಗೆ ‘ಸೇತುಬಂಧ’. ಆಗಸ್ಟ್‌ನಲ್ಲಿ ‘ವಿದ್ಯಾಗಮ’. ವಿದ್ಯಾಗಮ ಮೊದಲು ಕೇಳಿದ ಪ್ರಶ್ನೆ ಸರಿಯಾಗಿತ್ತು: ಯಾವ ಮಗುವಿನ ಮನೆಯಲ್ಲಿ ಏನಿದೆ? ಇಂಟರ್‌ನೆಟ್ ಇರುವ ಫೋನ್, ಬರೀ ಮಾತಾಡುವ ಫೋನ್, ಏನೂ ಇಲ್ಲ – ಹೀಗೆ ಮೂರು ಗುಂಪು ಮಾಡಿ, ಮೇಷ್ಟ್ರುಗಳೇ ಮಕ್ಕಳ ಊರಿಗೆ ಹೋಗಿ ದೇವಸ್ಥಾನದ ಜಗಲಿ, ಮರದ ನೆರಳಲ್ಲಿ ಕೂರಿಸಿ ಕಲಿಸಿದರು. ಜನ ಅದನ್ನು ವಠಾರ ಶಾಲೆ ಅಂದರು. ಮನೆಯಲ್ಲಿ ಕೊಂಕಣಿ, ಟಿವಿಯಲ್ಲಿ ಕನ್ನಡ ಇರುವ ಮಗುವಿಗೆ ಪರದೆ ಬಿಡಿಸದ ಗಂಟನ್ನು ಎದುರು ಕೂತ ಮೇಷ್ಟ್ರು ಬಿಡಿಸಬಲ್ಲರು. ಸೋಂಕು ಹರಡುವ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿದರು. ಮೊದಲ ಪೋಸ್ಟ್‌ಮ್ಯಾನ್ ಥರವೇ ಇಲ್ಲೂ ಕೊನೆಯ ಮೈಲಿ ನಡೆದದ್ದು ಮನುಷ್ಯ.

ಕೋವಿಡ್ ಮುಗೀತಲ್ಲ, ಈಗ್ಯಾಕೆ ಈ ಕಥೆ ಅನ್ನಬೇಡಿ. ಜೋರು ಮಳೆ ಹಿಡಿದರೆ ಉತ್ತರ ಕನ್ನಡದಲ್ಲಿ ಪ್ರತಿ ಮಳೆಗಾಲವೂ ಶಾಲೆಗೆ ರಜೆ. ಹಳ್ಳ ಉಕ್ಕಿದ ದಿನ ಮಗು ಮನೆಯಲ್ಲೇ. ಅಂದ್ರೆ ಮನೆಯಿಂದ ಕಲಿಯುವುದು ಇಲ್ಲಿ ಎರಡು ವರ್ಷದ ಕಷ್ಟ ಅಲ್ಲ, ವರ್ಷವರ್ಷದ್ದು. ಸಿಗ್ನಲ್ ಇಲ್ಲದ ದೇಶದ 24,680 ಹಳ್ಳಿಗಳಿಗೆ 4ಜಿ ಕೊಡಲು ಕೇಂದ್ರ ಸಂಪುಟ 2022ರಲ್ಲಿ 26,316 ಕೋಟಿ ರೂಪಾಯಿ ಒಪ್ಪಿತು. ಟವರ್ ಬರಲಿ, ಬರಲೇಬೇಕು. ಆದರೆ ಟವರ್‌ಗೂ ಕರೆಂಟು ಬೇಕು, ಮಳೆಗಾಲದಲ್ಲಿ ಮೊದಲು ಹೋಗೋದೂ ಅದೇ.

ನಾನೂ ಸಾಫ್ಟ್‌ವೇರ್ ಕೆಲಸದವನು, ಓದುವ ನಿಮ್ಮಲ್ಲೂ ಹಲವರು ಇದೇ ಕಸುಬಿನವರು. ನಮ್ಮಲ್ಲಿ ಯಾರಾದರೂ ಕಲಿಕೆಯ ಆ್ಯಪ್ ಮಾಡುವಾಗ ‘ಸದಾ ಇಂಟರ್‌ನೆಟ್ ಇರುತ್ತೆ’ ಅಂತ ಬರೆದುಕೊಳ್ಳುವ ಆ ಮೊದಲ ಸಾಲನ್ನು ಅಳಿಸಿ ನೋಡೋಣ. ವಾರಕ್ಕೊಮ್ಮೆ ಶಾಲೆಯಲ್ಲಿ ಪಾಠ ತುಂಬಿಸಿಕೊಂಡು, ಮಳೆಯ ದಿನ ಮನೆಯಲ್ಲಿ ತೆರೆದುಕೊಂಡು, ಆಮೇಲೆ ಅದೇ ಮೇಷ್ಟ್ರ ಕೈಗೆ ಉತ್ತರ ಒಪ್ಪಿಸುವಂಥದ್ದು ಕಟ್ಟೋಕೆ ಕಷ್ಟವೇನಲ್ಲ. ಬ್ಯಾಟರಿ ಹೊತ್ತ ಮಕ್ಕಳು ಅದನ್ನು ಆಗಲೇ ಮಾಡಿ ತೋರಿಸಿದ್ದಾರೆ.