'1-2' ಅಂದ್ರೆ ಎರಡು ರೂಪಾಯಿ ಅಲ್ಲ | ದುಡ್ಡಿನ ಆಟಗಳ ಇತಿಹಾಸ, ಭಾಗ 3

ಫಸ್ಟ್ ಇಯರ್‌ನಲ್ಲಿದ್ದಾಗ ನಮ್ಮ ಪಿಜಿಯ ಒಬ್ಬ ಹುಡುಗ ಮೊಬೈಲ್‌ನಲ್ಲಿ '1-2 ನೋ ಲಿಮಿಟ್' ಅಂತಿದ್ದ ಪೋಕರ್ ಟೇಬಲ್‌ಗೆ ಕೂತ. ಒಂದೆರಡು ರೂಪಾಯಿ ಆಟ ತಾನೇ ಅಂದುಕೊಂಡ. 200 ಹಾಕಿದ, ಹೋಯ್ತು. ಮತ್ತೆ 200. ಬೆಳಗಾಗೋದ್ರೊಳಗೆ ಮೆಸ್‌ಗೆ ಅಂತ ಇಟ್ಟಿದ್ದ 1,800 ಖಾಲಿ.

ಅವನು ಓದಿದ ಅಂಕಿ ಸರಿ. ಅದರ ಅರ್ಥ ಬೇರೆ ಇತ್ತು.

ಇಂಟರ್ನೆಟ್‌ನಲ್ಲಿ ನಿಜವಾದ ದುಡ್ಡಿನ ಪೋಕರ್ ಶುರುವಾಗಿದ್ದು 1998ರಲ್ಲಿ, ಪ್ಲಾನೆಟ್ ಪೋಕರ್ ಅನ್ನೋ ಸೈಟ್‌ನಿಂದ. ಆಗ ಅಮೆರಿಕದ ಕ್ಯಾಸಿನೊಗಳಲ್ಲಿ ಹೆಚ್ಚಾಗಿ ನಡೀತಿದ್ದದ್ದು ಫಿಕ್ಸೆಡ್ ಲಿಮಿಟ್ ಆಟ. ಅದರಲ್ಲಿ '2-4' ಅಂದ್ರೆ ಬೆಟ್ಟಿನ ಅಳತೆಯೇ ಅದು: ಮೊದಲ ಎರಡು ಸುತ್ತಲ್ಲಿ 2 ಡಾಲರ್, ಕೊನೆಯ ಎರಡರಲ್ಲಿ 4. ಒಂದು ಸುತ್ತಿಗೆ ಸಾಮಾನ್ಯವಾಗಿ ನಾಲ್ಕೇ ಬೆಟ್. ಲೆಕ್ಕ ಹಾಕಿ: 8+8+16+16. ಒಂದು ಕೈಯಲ್ಲಿ ಎಷ್ಟೇ ಹುಚ್ಚು ಹಿಡಿದು ಆಡಿದ್ರೂ 48 ಡಾಲರ್ ದಾಟಲ್ಲ. ಕಾಸ್ಟ್ ಅಕೌಂಟಿಂಗ್ ಓದೋ ನನಗೆ ಇದು ಬಜೆಟ್ ಥರ ಕಾಣುತ್ತೆ.

ನೋ ಲಿಮಿಟ್‌ನಲ್ಲಿ ಅಂಕಿ ಬರೆಯೋ ರೀತಿ ಹಾಗೇ ಇದೆ, ವಿಷಯ ಬೇರೆ. ಅಲ್ಲಿ '1-2' ಅಂದ್ರೆ ಎಲೆ ಹಂಚೋಕೆ ಮುಂಚೆ ಇಬ್ಬರು ಕಡ್ಡಾಯವಾಗಿ ಇಡೋ ಬ್ಲೈಂಡ್ ಅಷ್ಟೇ. ಆಮೇಲೆ ಮುಂದಿರೋ ಅಷ್ಟೂ ದುಡ್ಡನ್ನ ಒಂದೇ ಸಲ ತಳ್ಳಬಹುದು. ಮಧ್ಯದಲ್ಲಿ ಪಾಟ್ ಲಿಮಿಟ್ ಅಂತ ಒಂದಿದೆ: ಮಧ್ಯೆ ಸೇರಿರೋ ಮೊತ್ತದಷ್ಟೇ ಏರಿಸಬಹುದು. ಕೇಳೋಕೆ ಸೌಮ್ಯ. ಆದ್ರೆ ಪಾಟ್‌ನಲ್ಲಿ 10 ಇದ್ದು ಎದುರಿನವ 10 ಹಾಕಿದ್ರೆ ನೀವು 40ರವರೆಗೆ ಹೋಗಬಹುದು! ನಿಮ್ಮ 10 ಸೇರಿ ಪಾಟ್ 30 ಆಯ್ತಲ್ಲ, ಅದರ ಮೇಲೆ 30 ಏರಿಕೆ.

ಲಿಮಿಟ್ ಆಟ ಮೂಲೆಗೆ ಬಿದ್ದಿದ್ದು 2003ರಿಂದ. ಆ ವರ್ಷ ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್‌ನಲ್ಲಿ 839 ಜನರ ನಡುವೆ ಗೆದ್ದವನು ಕ್ರಿಸ್ ಮನಿಮೇಕರ್. (ನಿಜವಾದ ಹೆಸರೇ ಅದು.) ಟೆನೆಸ್ಸಿಯ ಅಕೌಂಟೆಂಟ್, ನಮ್ಮ ಲೈನಿನವನೇ. 10,000 ಡಾಲರ್ ಪ್ರವೇಶದ ಆ ಟೂರ್ನಿಗೆ ಆನ್‌ಲೈನ್ ಸುತ್ತು ಗೆದ್ದು ಬಂದಿದ್ದ, ಗೆದ್ದದ್ದು 25 ಲಕ್ಷ. ಆಟ ನೋ ಲಿಮಿಟ್. ಟಿವಿಯಲ್ಲಿ ಜನ ನೋಡಿದ್ದು 'ಆಲ್ ಇನ್'. ನಾಲ್ಕು ನಾಲ್ಕು ಡಾಲರ್ ಇಡೋದನ್ನ ಯಾರು ನೋಡ್ತಾರೆ? 2006ಕ್ಕೆ ಅದೇ ಟೂರ್ನಿಗೆ 8,773 ಜನ ಬಂದರು. ಹೊಸಬರು ಕಲಿತದ್ದೇ ನೋ ಲಿಮಿಟ್, ಸೈಟ್‌ಗಳೂ ಅದನ್ನೇ ಮುಂದಿಟ್ಟವು.

ನಮ್ಮಲ್ಲಿ 2021ರಲ್ಲಿ ಕರ್ನಾಟಕ ಸರ್ಕಾರ ಆನ್‌ಲೈನ್ ಹಣದ ಆಟ ನಿಷೇಧಿಸಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನ ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆಯೇ ಬಂತು. ಅದಕ್ಕೆ ಲಿಮಿಟ್ಟೂ ಒಂದೇ, ನೋ ಲಿಮಿಟ್ಟೂ ಒಂದೇ.

ಮೊನ್ನೆ ಆ ಹುಡುಗನಿಗೆ 48ರ ಲೆಕ್ಕ ತೋರಿಸಿದೆ. ಸುಮ್ಮನೆ ನೋಡಿದ. "ಅವತ್ತೇ ಹೇಳಬಾರದಿತ್ತಾ ಮಗಾ" ಅಂದ. ಅವತ್ತು ನನಗೂ ಗೊತ್ತಿರಲಿಲ್ಲ.

#ದುಡ್ಡಿನಇತಿಹಾಸ #ಕನ್ನಡ